ಅಕ್ಕ ಹೊಲಿದ ಹಸಿರು ಜಂಪರು

ಅವ್ವ ತೀರಿಕೊಂಡ ಮೇಲೆ ಮಾಸೂರಿನ ಅಕ್ಕನ ಮನೆಯೇ ನನಗೆ ತವರು. ನಾನು ಪಾಠ ಮಾಡುತ್ತಿದ್ದ ಶಿಗ್ಗಾಂವಿಯ ಹೈಸ್ಕೂಲಿಗೆ ರಜೆ ಬಿಟ್ಟರೆ ಸಾಕು, ಬಸ್ಸು ಹತ್ತಿಬಿಡುತ್ತಿದ್ದೆ. ಅಕ್ಕ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದಳು. ಇಸ್ತ್ರಿ ಹಾಕದೆ ಒಂದನ್ನೂ ಯಾರ ಕೈಗೂ ಕೊಟ್ಟವಳಲ್ಲ.

ಒಂದು ಚಳಿಗಾಲ ಮದಗದ ಕೆರೆಗೆ ಹೆಬ್ಬಾತುಗಳು ಬಂದಿದ್ದವು. ಅವಕ್ಕೆ ಇಂಗ್ಲಿಷಿನಲ್ಲಿ ಗೂಸ್ ಅನ್ನುತ್ತಾರೆ ಎಂದೆ. ಮಾಸ್ತರಿಕೆಯ ಚಟ, ಅಷ್ಟಕ್ಕೆ ಸುಮ್ಮನಾಗಲಿಲ್ಲ. ದಡ್ಡರಿಗೂ ಅದೇ ಹೆಸರು, ದರ್ಜಿಯ ಇಸ್ತ್ರಿಗೂ ಅದೇ, ಅದರ ಹಿಡಿಕೆ ಹಕ್ಕಿಯ ಕೊರಳಿನಂತೆ ಬಾಗಿರುತ್ತಿತ್ತಂತೆ ಎಂದು ಪಾಠ ಒಪ್ಪಿಸಿದೆ. ಅಕ್ಕ ತನ್ನ ಕೆಂಡದ ಇಸ್ತ್ರಿಯ ಚಿಲಕದ ಮೇಲಿದ್ದ ಹಿತ್ತಾಳೆ ಹುಂಜವನ್ನು ತೋರಿಸಿ, ಇದನ್ನು ನೋಡಿದ್ದರೆ ನಿಮ್ಮ ಇಂಗ್ಲಿಷಿನವರು ಏನನ್ನುತ್ತಿದ್ದರೋ ಎಂದು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಇಸ್ತ್ರಿಯೂ ಗೂಸ್, ನಾನೂ ಗೂಸ್.

ಮರುವರ್ಷ ಅವಳ ಎದೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆದ ಮೇಲೆ ಬಲತೋಳು ಊದಿಕೊಂಡಿತು. ಭಾರ ಎತ್ತಬಾರದು, ಬಿಸಿ ತಾಗಿಸಬಾರದು ಎಂದರು ಡಾಕ್ಟರು. ಇಸ್ತ್ರಿ ಹಿಡಿಯದೆ ಹೊಲಿಗೆ ಹೇಗೆ? ಅವಳಿಗೆ ರೋಗಕ್ಕಿಂತ ಅದೇ ದೊಡ್ಡ ಸಂಕಟ. ಜೀವ ಉಳಿದರೆ ಸಾಲದೇನೇ ಎಂದು ನಾನು ರೇಗಿದೆ.

"ಹೊಲಿಯೂದು ಬಿಟ್ರ ನಾ ಏನ್ ಮಾಡ್ಲಿ? ಗ್ವಾಡಿ ನೋಡ್ಕೋಂತ ಕುಂದರ್ಲೇನು?" ಎಂದಳು.

ರಜೆ ಹಾಕಿ ಬಂದು ಇಸ್ತ್ರಿಯ ಕೆಲಸ ನಾನು ಹಿಡಿದೆ. ಅವಳು ನೋಯುವ ಕೈಯಲ್ಲೇ ಹೊಲಿದಳು. ಕೊನೆಗೆ ತನಗೆಂದು ಒಂದು ಹಸಿರು ಜಂಪರು ಕತ್ತರಿಸಿದಳು, ಅಳತೆಗೆ ಹಳೆಯ ಜಂಪರನ್ನೇ ಇಟ್ಟುಕೊಂಡು. ಬಲತೋಳು ಅಗಲ ಮಾಡು ಎಂದರೆ ಕೇಳಲಿಲ್ಲ.

"ಬಾವು ಇಳೀತೈತಿ ಬಿಡ. ತೋಳು ಮೊದಲಿನಂಗ ಆಗತೈತಿ."

ಅದೊಂದಕ್ಕೆ ಮಾತ್ರ ಇಸ್ತ್ರಿ ಹಾಕಲು ನನಗೆ ಕೊಡಲೂ ಇಲ್ಲ. ನಾನಂತೂ ಅವಳ ಮಾತು ನಂಬಿಬಿಟ್ಟೆ. ನಂಬದೆ ಇರುವ ಧೈರ್ಯ ನನಗೆಲ್ಲಿತ್ತು?

ಬಾವು ಇಳಿಯಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಅಕ್ಕ ಹೋದಳು. ಮುತ್ತೈದೆ ಎಂದು ಹೆಂಗಸರು ಹಸಿರು ಸೀರೆ ತೆಗೆದರು, ಜೊತೆಗೆ ಆ ಜಂಪರನ್ನೂ. ತೊಡಿಸುವಾಗ ಎಡತೋಳು ಸಲೀಸಾಗಿ ಹೋಯಿತು. ಬಲತೋಳು ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ಬೇರೆ ಯಾವುದಾದರೂ ಹಾಕೋಣ ಎಂದರು ಯಾರೋ. ನಾನು ಬೇಡ ಎಂದು ಅವಳ ಕತ್ತರಿ ತಂದು, ಹೊಲಿಗೆ ಬಿಚ್ಚಲು ಜಂಪರಿನ ತೋಳಿನ ಒಳಮಗ್ಗಲನ್ನು ಹೊರಗೆ ತಿರುವಿದೆ.

ಬಲತೋಳಿನಲ್ಲಿ ಮಾತ್ರ ಕೈಯಗಲ ಬಟ್ಟೆ ಒಳಗೆ ಬಿಟ್ಟಿದ್ದಳು. ಬಿಗಿ ಹೊಲಿಗೆಯ ಆಚೆ, ಊದಿದ ತೋಳಿನ ಅಳತೆಗೆ, ಇನ್ನೊಂದು ಹೊಲಿಗೆಯನ್ನು ಮೊದಲೇ ಹಾಕಿಟ್ಟಿದ್ದಳು. ನಾನು ಮೊದಲನೆಯದನ್ನು ಬಿಚ್ಚಿದೆ. ಅವಳ ಊದಿದ ಕೈ ಎಲ್ಲೂ ಬಿಗಿಯಾಗದೆ ಅದರೊಳಗೆ ಇಳಿಯಿತು.