ಲುಂಬಿನಿಯ ಹಸಿರು ಬಳೆ

ಬಳೆ ತೊಡಿಸುವ ಸೈದಾನಬಿಗೆ ಎರಡು ಚಟ: ಎಲೆಅಡಿಕೆ ಮತ್ತು ಕೊಲೆಯ ಪುಸ್ತಕ. ಹೈದರಾಬಾದಿನಿಂದ ಮಾಲು ತಂದು ವಾಡಿಯಲ್ಲಿ ಇಳಿದಾಗಲೆಲ್ಲ ನಿಲ್ದಾಣದ ಅಂಗಡಿಯಲ್ಲಿ ಒಂದು ತೆಳು ಪುಸ್ತಕ ಕೊಳ್ಳುವಳು. ನಿಜಾಮನ ಕಾಲದ ದರೋಡೆ, ಕೋಟೆಯೊಳಗಿನ ವಿಷ, ಕಾಗಿಣಾ ಹೊಳೆದಂಡೆಯ ಹೆಣ, ಯಾವುದಾದರೂ ಸರಿ. ಬಳೆ ತೊಡಿಸುತ್ತ ಆ ಕಥೆಗಳನ್ನೇ ಸೇಡಂ, ಚಿತ್ತಾಪುರದ ಹೆಂಗಸರಿಗೆ ಹೇಳುವಳು. ಕೈ ನೋಯುವುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ವರ್ಷ ಕೊಂಡ ಪುಸ್ತಕದಲ್ಲಿ ಲುಂಬಿನಿ ಇದ್ದಳು.

ಸೇಡಂ ಹತ್ತಿರದ ಮುಧೋಳದ ಭೀಮಬಾಯಿಯ ಮಗಳು. ಶಹಾಬಾದಿಗೆ ಮದುವೆಯಾಗಿ ಹೋದವಳು, ನೀರು ತುಂಬಿದ ಹಳೆಯ ಕಲ್ಲುಗಣಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ತಳ್ಳಿದವನು ಗಂಡನೇ ಎಂದು ನ್ಯಾಯಾಲಯ ಹೇಳಿತು, ಅವನಿನ್ನೂ ಜೈಲಿನಲ್ಲಿದ್ದಾನೆ. ಪುಸ್ತಕ ಮಾತ್ರ ಬೇರೆಯೇ ಪ್ರಶ್ನೆ ಕೇಳಿತ್ತು: ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು, ಆ ಸಂಜೆ ಆಕೆ ಸಿಂಗರಿಸಿಕೊಂಡು ಹೊರಟಿದ್ದು ಯಾರಿಗಾಗಿ?

ಆ ಬಳೆ ತೊಡಿಸಿದ್ದು ಸೈದಾನಬಿ. ಅಂದು ಲುಂಬಿನಿಯ ಕುಬಸ. ಏಳು ತಿಂಗಳ ಬಸುರಿಗೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬಳೆ ತೊಡಿಸಿ ಉಡಿ ತುಂಬುವ ದಿನ. ಹಿರಿಯರಿಗೆ ನಮಸ್ಕಾರ ಮಾಡಿ ಬರೋಣ ಎಂದು ಗಂಡನೇ ಸಂಜೆ ಕರೆದೊಯ್ದಿದ್ದ. ಪುಸ್ತಕದಲ್ಲಿ ಕುಬಸ ಇರಲಿಲ್ಲ. ಬಸುರೂ ಇರಲಿಲ್ಲ.

"ಚಾಚಿ, ಸತ್ತ ಮಗಳ ಹೆಸರಿಗಿ ಮಂದಿ ನಗಲಿಕತ್ತಾರ," ಎಂದಳು ಭೀಮಬಾಯಿ. "ನಿನ್ನ ಕೈಯಿಂದ ಹಾಕಿದ ಬಳಿ. ನೀನಾರ ಹೇಳು."

ಪುಸ್ತಕ ಬರೆದವರು ಚಿತ್ತಾಪುರದ ನಿವೃತ್ತ ಮಾಸ್ತರ ಸಂಗಮೇಶ್ವರ. ಕೆಲವು ತಿಂಗಳಲ್ಲಿ ಅವರ ಮನೆಯಿಂದಲೇ ಸೈದಾನಬಿಗೆ ಕರೆ ಬಂತು. ಮಗಳು ಭಾಗ್ಯಶ್ರೀಯ ಕುಬಸ.

ಸೈದಾನಬಿ ಒಂದು ಬಳೆಯೂ ಒಡೆಯದಂತೆ ಎರಡೂ ಕೈ ತುಂಬಿಸಿದಳು. ಬಾಯಿ ಮಾತ್ರ ಬಿಡಲಿಲ್ಲ.

"ಯಾಕ ಚಾಚಿ, ಇವತ್ತ ಒಂದೂ ಖೂನಿ ಇಲ್ಲೇನು?" ಎಂದು ಭಾಗ್ಯಶ್ರೀ ಕೆಣಕಿದಳು. ಹೆಂಗಸರು ನಕ್ಕರು.

ಮಾಸ್ತರರ ಹೆಂಡತಿ ಉಮಾದೇವಿ ಅಕ್ಕಿ, ಕೊಬ್ಬರಿ, ಖಣ ತಂದು ನಿಂತರು. ಸೈದಾನಬಿ ಸೆರಗೊಡ್ಡಲಿಲ್ಲ. ಕುಬಸದ ಮನೆಯಿಂದ ಬಳೆಗಾರ್ತಿ ಬರಿಗೈಯಲ್ಲಿ ಎದ್ದು ಹೋದರೆ ಬಸುರಿಗೆ ಕೇಡು ಎನ್ನುವ ಊರು ಅದು. ಉಮಾದೇವಿಯ ಮುಖ ಬಿಳಿಚಿತು. ಮಾಸ್ತರರು ಒಳಗಿನಿಂದ ಬಂದರು.

"ಮಾಸ್ತರ್ರ, ಲುಂಬಿನಿ ಬಸುರಿ ಇದ್ದಳು. ನಿಮಗ ಗೊತ್ತಿತ್ತೋ ಇಲ್ಲೋ?"

ಮಾಸ್ತರರು ಕನ್ನಡಕ ಒರೆಸಿದರು. "ತೀರ್ಪಿನಾಗ ಇತ್ತವ್ವ. ಅದನ್ನ ಬರದರ ಓದೋರಿಗಿ ಸಂಶಯ ಎಲ್ಲಿ ಉಳೀತದ? ಪುಸ್ತಕ ಓದಿಸ್ಕೊಂಡು ಹೋಗಬೇಕಲ್ಲ. ನೀನೂ ಓದಾಕಿನೇ ಅದೀ."

"ಹೌದ್ರಿ, ರೊಕ್ಕ ಕೊಟ್ಟು ಓದಾಕಿ. ಅದಕ್ಕೇ ಕೇಳಲಿಕತ್ತೀನಿ."

ಭಾಗ್ಯಶ್ರೀ ತನ್ನ ಕೈ ನೋಡಿಕೊಂಡಳು. "ಅಪ್ಪಾ, ನಾ ಈಗ ಹಿಂಗೇ ಹೊರಗ ಹೋಗಿ ಸತ್ತರ, ಯಾರಿಗಾಗಿ ಸಿಂಗಾರ ಆಗಿದ್ದಳು ಅಂತ ಬರೀತಿಯೇನು?"

"ಬಿಡ್ತು ಅನ್ನು!" ಎಂದು ಉಮಾದೇವಿ ಚೀರಿದರು.

ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇನೆ ಎಂದು ಮಾಸ್ತರರು ಎಲ್ಲರೆದುರು ಮಾತು ಕೊಟ್ಟರು. ಭಾಗ್ಯಶ್ರೀಯ ಮುಖ ನೋಡಿ ಸೈದಾನಬಿ ಸೆರಗೊಡ್ಡಿದಳು.

ಹೊಸ ಮುದ್ರಣ ಮಳೆಗಾಲದಲ್ಲಿ ವಾಡಿಗೆ ಬಂತು. ಬುಟ್ಟಿ ಕೆಳಗಿಟ್ಟು ಆಕೆ ಅಂಗಡಿಯೆದುರೇ ನಿಂತು ಓದಿದಳು. ಬಳೆ ಇರಲಿಲ್ಲ, ಹೂವೂ ಇರಲಿಲ್ಲ. ಮಾಸ್ತರರು ಎರಡನ್ನೂ ಅಳಿಸಿದ್ದರು. 'ಆ ಸಂಜೆ ಆಕೆ ಹೊರಟಿದ್ದು ಯಾರಿಗಾಗಿ?' ಎಂಬುದು ಹಾಗೆಯೇ ಇತ್ತು. ಹೊಟ್ಟೆಯ ಕೂಸು ಎಲ್ಲಿಯೂ ಇರಲಿಲ್ಲ.

ಅದೇ ವಾರ ಉಮಾದೇವಿ ಫೋನು ಮಾಡಿದರು. "ಚಾಚಿ, ಮೊಮ್ಮಗಳು ಹುಟ್ಯಾಳ! ತೊಟ್ಟಿಲ ಕಾರ್ಯಕ್ಕ ಕೂಸಿನ ಕರಿಬಳಿ ತಗೊಂಡು ಬರ್ರಿ."

"ನೂರು ವರ್ಷ ಬಾಳಲಿ, ಅಕ್ಕಾರ," ಎಂದಳು ಸೈದಾನಬಿ. "ಮೊದಲ ಲುಂಬಿನಿ ಹೊಟ್ಟ್ಯಾಗಿನ ಕೂಸು ಪುಸ್ತಕದಾಗ ಬರ್ಲಿ. ಆಮ್ಯಾಲ ನಿಮ್ಮ ಕೂಸಿಗಿ ಬಳಿ ತರ್ತೀನಿ."

"ಅಂದ್ರ, ಬರದೇ ಇಲ್ಲೇನು ಅವರು?"

"ಇಲ್ಲ."

ಆ ಕಡೆಯಿಂದ ಉಮಾದೇವಿಯ ಗಟ್ಟಿ ದನಿ ಕೇಳಿತು, ಫೋನಿಗಲ್ಲ, ಮನೆಯೊಳಕ್ಕೆ: "ಏನ್ರೀ, ಆ ಪುಸ್ತಕ ತಗೊಂಡು ಇಲ್ಲಿ ಬರ್ರಿ!"