ನಾನು ತೊಡಿಸದ ಕಪ್ಪು ನಿಲುವಂಗಿ

ನನ್ನ ತಂಗಿ ಜಡ್ಜ್ ಆದ ದಿನ ನಾನು ಅಟ್ಲಾಂಟಾ ಪಕ್ಕದ ಡುಲುತ್‌ನ ನನ್ನ ಮನೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದೆ. ಕೋವಿಡ್ ಬಂದಿದೆ ಎಂದು ಅವಳಿಗೆ ಹೇಳಿದ್ದೆ. ಬಂದಿರಲಿಲ್ಲ.

ಇಲ್ಲಿ ಹೊಸ ಜಡ್ಜ್ ಪ್ರಮಾಣ ಮಾಡಿದ ಮೇಲೆ ಮನೆಯವರೊಬ್ಬರು ಮುಂದೆ ಬಂದು ಕಪ್ಪು ನಿಲುವಂಗಿ ತೊಡಿಸುವ ಪದ್ಧತಿ ಇದೆ. ಗಂಡನೋ ತಾಯಿಯೋ ತೊಡಿಸುತ್ತಾರೆ. ತಂಗಿ ನನ್ನನ್ನು ಆರಿಸಿದ್ದಳು.

“ಅಕ್ಕಾ, ನೀನ ತೊಡಸಬೇಕು. ಬ್ಯಾರೆ ಯಾರೂ ಬ್ಯಾಡ.”

“ಅಷ್ಟು ಮಂದಿ ಮುಂದ ನನಗ ಇಂಗ್ಲಿಷ್ ಬರಂಗಿಲ್ಲವ್ವಾ.”

“ನೀ ಮಾತಾಡೋದು ಬ್ಯಾಡ. ತೋಳು ಹಿಡದು ತೊಡಸು, ಸಾಕು. ಚಪಾತಿ ಲಟ್ಟಿಸೋ ಸ್ಪೀಡ್‌ನಾಗ ಮಾಡಬ್ಯಾಡ ಮತ್ತ, ಫೋಟೋ ತಗೀತಾರ.”

ಇಂಡಿಯನ್ ಅಂಗಡಿಯೊಂದರ ಅಡುಗೆಮನೆಯಲ್ಲಿ ಚಪಾತಿ ಮಾಡುವವಳು ನಾನು. ನಕ್ಕೆ. ಆಮೇಲೆ ಅವಳೆಂದಳು: “ನೀ ನನ್ನ ಸಲುವಾಗಿ ಶಾಲಿ ಬಿಟ್ಟಿದ್ದನ್ನ ಸ್ಪೀಚ್‌ನಾಗ ಹೇಳ್ತೀನಿ. ಜಡ್ಜ್ ಆಗೋ ಅಪ್ಲಿಕೇಶನ್‌ನಾಗೂ ಅದನ್ನ ಬರದೀನಿ.”

ಶಾಲೆ ಬಿಟ್ಟಿದ್ದು ಅವಳ ಸಲುವಾಗಿ ಅಲ್ಲ. ಧಾರವಾಡದಲ್ಲಿ ಏಳನೆಯ ತರಗತಿಯ ಪರೀಕ್ಷೆಯಲ್ಲಿ ನಾನು ಎರಡು ಸಲ ನಪಾಸಾದೆ. ಆ ಬೇಸಿಗೆಯಲ್ಲೇ ಅವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ತಂಗಿಗೆ ಆಗ ಐದು ವರ್ಷ. ಅಪ್ಪ ಮರ್ಯಾದೆಗೆ ಅಂಜಿ, ದೊಡ್ಡವಳು ತಂಗಿಯನ್ನು ನೋಡಿಕೊಳ್ಳಲು ಶಾಲೆ ಬಿಟ್ಟಳು ಎಂದು ಕೇಳಿದವರಿಗೆಲ್ಲ ಹೇಳಿದರು. ಎರಡು ತಿಂಗಳಿಗೆ ಅವ್ವ ಎದ್ದು ಓಡಾಡಿದಳು. ನಾನು ಮರಳಿ ಶಾಲೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಪುಸ್ತಕ ಮುಟ್ಟುವುದು ತಪ್ಪಿತಲ್ಲ ಎಂದು ಖುಷಿಯಾಗಿದ್ದೆ.

ಚಿಕ್ಕಪ್ಪ ನಮ್ಮನ್ನೆಲ್ಲ ಅಟ್ಲಾಂಟಾಕ್ಕೆ ಕರೆಸಿಕೊಂಡಾಗ ತಂಗಿಗೆ ಹನ್ನೊಂದು. ಅಪ್ಪನ ಮಾತು ಅವಳ ಜೊತೆಗೇ ಬಂತು. ಸ್ಕೂಲಿನಲ್ಲಿ ಬಹುಮಾನ ಬಂದರೂ, ಲಾ ಓದಲು ಸೀಟು ಸಿಕ್ಕರೂ, “ಇದು ಅಕ್ಕಂದು” ಎನ್ನುತ್ತಿದ್ದಳು. ನಾನು ಬೇಡವೆನ್ನಲಿಲ್ಲ. ಮನೆಗೆ ಬಂದವರು ನನ್ನನ್ನು ಗೌರವದಿಂದ ನೋಡುತ್ತಿದ್ದರು. ನಪಾಸಾದವಳಿಗೆ ಅದು ಬಹಳ ಹಿತವಾಗಿತ್ತು. ಅವಳು ಫೆಡರಲ್ ಪ್ರಾಸಿಕ್ಯೂಟರ್ ಆದಳು, ಅಂದರೆ ಕೇಂದ್ರ ಸರ್ಕಾರದ ಪರವಾಗಿ ಅಪರಾಧದ ಕೇಸು ನಡೆಸುವ ವಕೀಲೆ. ಮೊದಲು ಬೇರೆ ರಾಜ್ಯದ ಶ್ಯಾಂಟಿಲಿ ಎಂಬ ಊರಿನಲ್ಲಿ ಮನೆ ಮಾಡಿಕೊಂಡು ಆ ಕಡೆ ಕೆಲಸ, ಆಮೇಲೆ ಅಟ್ಲಾಂಟಾದಲ್ಲಿ. ಕೊನೆಗೆ ಗವರ್ನರು ಅವಳನ್ನು ರಾಜ್ಯದ ಕೋರ್ಟಿಗೆ ಜಡ್ಜ್ ಮಾಡಿದರು. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ನಿಜ ಗೊತ್ತಿದ್ದವಳು ನಾನೊಬ್ಬಳೇ.

ಆ ಸುಳ್ಳನ್ನು ಕೇಳುತ್ತ ಎಲ್ಲರ ಮುಂದೆ ನಿಲ್ಲಲಾರದೆ ಕೋವಿಡ್ ಎಂದದ್ದಕ್ಕೆ ದಿನಗಟ್ಟಲೆ ನಟಿಸಬೇಕಾಯಿತು. ಅವಳು ಕೋರ್ಟು ಮುಗಿಸಿ ದಿನಾ ಬಂದು ಬಾಗಿಲ ಬಳಿ ಬಿಸಿ ಸಾರು, ಅನ್ನ ಇಟ್ಟು ಹೋಗುತ್ತಿದ್ದಳು. ಆರನೆಯ ದಿನ ಮಾಸ್ಕ್ ಹಾಕಿಕೊಂಡು ಗಾಜಿನ ಬಾಗಿಲಾಚೆ ನಿಂತಳು.

“ಮುಂದಿನ ಸಾಲಿನ ಕುರ್ಚಿಗೆ ನಿನ್ನ ಹೆಸರು ಅಂಟಿಸಿದ್ರು. ತೆಗೀಬ್ಯಾಡ್ರಿ ಅಂದೆ. ನಿಲುವಂಗಿ ನಾನ ಹಾಕ್ಕೊಂಡೆ.”

ನಾನು ಬಾಗಿಲು ತೆರೆದೆ.

“ಹಿಂದ ಸರಿ ಅಕ್ಕಾ!”

“ನನಗೇನೂ ಆಗಿಲ್ಲ,” ಎಂದೆ. ನಿಂತಲ್ಲೇ ಎಲ್ಲವನ್ನೂ ಹೇಳಿದೆ.

ಅವಳು ಸಾಕ್ಷಿಯನ್ನು ಕೇಳುವಂತೆ ಒಂದೊಂದೇ ಕೇಳಿದಳು.

“ಅವ್ವಗ ಗೊತ್ತಿತ್ತಾ?”

“ಗೊತ್ತಿತ್ತು.”

“ಗಣಿತದಾಗ ಎಷ್ಟು ಬಂದಿತ್ತು?”

“ಹನ್ನೊಂದು.”

“ನೂರಕ್ಕ?”

ಅವಳಿಗೆ ನಗು ಬಂತು. ಮರುಕ್ಷಣ ಮಾಸ್ಕ್ ತೆಗೆದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಪ್ರಾಸಿಕ್ಯೂಟರ್ ಇದ್ದಾಗ ಆರೋಪಿ ಕಡೆ ಲಾಯರ್‌ಗಳು ಹೇಳ್ತಿದ್ರು, ಇವಗ ಬದುಕಿನಾಗ ಚಾನ್ಸ್ ಸಿಗಲಿಲ್ಲ, ಶಿಕ್ಷಾ ಕಮ್ಮಿ ಕೊಡ್ರಿ ಅಂತ. ನಾ ನಿನ್ನ ನೆನಸ್ತಿದ್ದೆ. ನಮ್ಮಕ್ಕಗ ಏನು ಚಾನ್ಸ್ ಸಿಕ್ಕಿತ್ತು? ಆಕಿ ಕದ್ದಳೇನು? ಹಂಗಂದ್ಕೊಂಡು ಎದ್ದು ನಿಂತು ಜಾಸ್ತಿ ವರ್ಷ ಕೇಳ್ತಿದ್ದೆ.”

“ಎಷ್ಟು ಮಂದಿಗೆ?”

“ಕೆಲವ್ರು ಇನ್ನೂ ಒಳಗದಾರ ಅಕ್ಕಾ.”

ಮರುದಿನವೇ, ಅಪ್ಲಿಕೇಶನ್‌ನಲ್ಲಿ ಬರೆದದ್ದು ನಿಜವಲ್ಲ, ತನಗೆ ಈಗ ತಿಳಿಯಿತು ಎಂದು ಅವಳು ಜಡ್ಜ್‌ಗಳನ್ನು ಆರಿಸುವ ಕಮಿಟಿಗೆ ಪತ್ರ ಬರೆದಳು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಪ್ರತಿ ಭಾನುವಾರ ಅವಳ ಫೋನು ಈಗಲೂ ಬರುತ್ತದೆ. ಹವೆ, ಅಡುಗೆ, ನನ್ನ ಮೊಣಕಾಲು ನೋವು ಇಷ್ಟೇ ಮಾತು. “ಇದು ಅಕ್ಕಂದು” ಎಂದು ಆಮೇಲೆ ಅವಳು ಯಾವುದಕ್ಕೂ ಹೇಳಿದ್ದು ಕೇಳಿಲ್ಲ.

ಈಚೆಗೆ ಒಂದು ದಿನ ರಜೆ ಹಾಕಿ, ಅವಳಿಗೆ ತಿಳಿಸದೆ ಕೋರ್ಟಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿಯನ್ನು ಜೈಲಿನಿಂದ ಕರೆತಂದಿದ್ದರು. ಯಾರದೋ ಕ್ರೆಡಿಟ್ ಕಾರ್ಡು ಕದ್ದು ಸಾಮಾನು ಕೊಂಡಿದ್ದಳಂತೆ. ತಪ್ಪೊಪ್ಪಿಕೊಂಡಿದ್ದಳು, ಶಿಕ್ಷೆ ಹೇಳುವುದಷ್ಟೇ ಉಳಿದಿತ್ತು. ತಾಯಿಯನ್ನು ನೋಡಿಕೊಳ್ಳಲು ಈಕೆ ಹೈಸ್ಕೂಲು ಬಿಟ್ಟಳು, ದಯೆ ತೋರಬೇಕು ಎಂದು ಅವಳ ವಕೀಲ ಹೇಳಿದ.

ಬರೆಯುತ್ತಿದ್ದ ತಂಗಿಯ ಕೈ ನಿಂತಿತು. ಅದಕ್ಕೆ ಶಾಲೆಯ ದಾಖಲೆ ಇದೆಯೇ ಎಂದು ಕೇಳಿದಳು. ವಕೀಲ ಕಾಗದಗಳನ್ನು ತಡಕಾಡಿ, ಇಲ್ಲ, ಆದರೆ ತಾಯಿ ಇಲ್ಲೇ ಇದ್ದಾರೆ ಎಂದ. ನನ್ನ ಪಕ್ಕದ ಸಾಲಿನ ಕೊನೆಗೆ ಗಾಲಿಕುರ್ಚಿಯಲ್ಲಿದ್ದ ಹೆಂಗಸು ಕೈ ಎತ್ತಿದಳು. ತಂಗಿಯ ಕಣ್ಣು ಆ ಕೈ ಹುಡುಕುತ್ತ ಬಂದು ನನ್ನ ಮೇಲೆ ಬಿತ್ತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಮನೆಯವರ ಮಾತು ಸಾಲದು, ದಾಖಲೆ ತನ್ನಿ ಎಂದು ಎರಡು ವಾರ ಮುಂದಕ್ಕೆ ಹಾಕಿದಳು. ಆ ಹುಡುಗಿಯನ್ನು ಪಕ್ಕದ ಬಾಗಿಲಿನಿಂದ ಮತ್ತೆ ಜೈಲಿಗೆ ಕರೆದುಕೊಂಡು ಹೋದರು. ತಾಯಿ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.