ಬಿನ್ನವತ್ತಳೆಯ ಇಕ್ರಾ

ಹುಳಿಯಾರು ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಅಂಗಡಿ. ಡಿಟಿಪಿ, ಲ್ಯಾಮಿನೇಷನ್, ಫೋಟೋಗಳಿಗೆ ಕಟ್ಟು ಹಾಕುವುದು. ಟೈಲರ್ ಸನಾವುಲ್ಲಾ ಅವರ ಮಗಳು ಇಕ್ರಾ ಒಂಬತ್ತು ವರ್ಷದ ಹಿಂದೆ ತನ್ನ ಬಿ.ಎ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ಬಂದಿದ್ದಳು. ನಾನು ಆಗ ಒಬ್ಬ ಮೇಷ್ಟ್ರಿಗೆ ಬಿನ್ನವತ್ತಳೆ ಟೈಪ್ ಮಾಡುತ್ತಿದ್ದೆ. ನಿವೃತ್ತರಾಗುವವರನ್ನು ಬಾಯ್ತುಂಬ ಹೊಗಳಿ ಬರೆಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ ಅವರ ಕೈಗೆ ಕೊಡುವುದು ನಮ್ಮ ಕಡೆ ಬಿಡದೆ ನಡೆಯುವ ಪದ್ಧತಿ. ಇಕ್ರಾ ಕಂಪ್ಯೂಟರ್ ಪರದೆಯನ್ನು ಬಗ್ಗಿ ನೋಡಿದಳು.

"ಅಣ್ಣ, ಸೂರ್ಯ ಅವ್ನೆ, ಚಂದ್ರ ಅವ್ನೆ, ಸಾಗರ ಐತೆ. ಮೇಷ್ಟ್ರು ಎಲ್ಲವ್ರೆ?"

ನನಗೆ ರೇಗಿತು. "ಹಂಗಾದ್ರೆ ನೀನೇ ಬರಿ ಬಾಮ್ಮ" ಎಂದೆ. ಅವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಅವತ್ತಿನಿಂದ ನಾನು ಬರೆಯುವುದನ್ನು ಬಿಟ್ಟೆ.

ಅವಳ ಕೆಲಸದ ರೀತಿ ಥೇಟ್ ಅಪ್ಪನದೇ. ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕುತ್ತಿರಲಿಲ್ಲ. ನಿವೃತ್ತರಾಗುವವರ ಕೇರಿಗೆ ಹೋಗಿ ಅಕ್ಕಪಕ್ಕದವರನ್ನು, ಹಳೇ ವಿದ್ಯಾರ್ಥಿಗಳನ್ನು, ಎದುರಿನ ಟೀ ಅಂಗಡಿಯವನನ್ನು ವಿಚಾರಿಸಿ ಬರುತ್ತಿದ್ದಳು. ಮದುವೆ ಪತ್ರಿಕೆ, ರಾಜ್ಯೋತ್ಸವದ ಭಾಷಣ, ಆಟೋದಲ್ಲಿ ಕೂಗುವ ಜಾಹೀರಾತು, ಶ್ರದ್ಧಾಂಜಲಿ ಫ್ಲೆಕ್ಸು, ಎಲ್ಲಕ್ಕೂ ಇದೇ ಕ್ರಮ. ಆದರೆ ಬರೆಯುವುದೂ ಒಂದು ಕೆಲಸ ಎಂದು ಒಪ್ಪುವವರೇ ಇರಲಿಲ್ಲ. ಹಾಳೆಗೆ, ಗಾಜಿಗೆ, ಮರದ ಪಟ್ಟಿಗೆ ದುಡ್ಡು ಕೊಡುತ್ತಿದ್ದ ಜನ ಬರೆದದ್ದಕ್ಕೆ ಎರಡು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು. ತೆಂಗಿನ ನಾಡಿನಲ್ಲಿ ತೆಂಗಿನಕಾಯಿ ಕೊಡುವುದೆಂದರೆ ಏನೂ ಕೊಡದೆ ಇರುವುದಕ್ಕಿಂತ ಸ್ವಲ್ಪ ವಾಸಿ.

ಅವಳ ತಾಯಿ ಸರ್ವರಿ ಬೇಗಂ ಒಂದು ದಿನ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ರಂಗರಾಜು, ಇವ್ಳ ಆಫೀಸು ಯಾವ್ದು?"

"ಆಫೀಸಿಲ್ಲ ಕಣಮ್ಮ. ಸ್ವಂತ ಬರವಣಿಗೆ."

"ಸಾಹೇಬ್ರು ಯಾರು?"

"ಸಾಹೇಬ್ರೂ ಇಲ್ಲ."

"ಬಯ್ಯಾಕೂ ಯಾರೂ ಇಲ್ಲ ಅಂದ್ರೆ ಅದು ಕೆಲ್ಸ ಹೆಂಗಾಯ್ತದಪ್ಪ?"



ಇಕ್ರಾ ನನ್ನಲ್ಲಿ ಕೇಳಿದ್ದು ಒಂದೇ. ಬಿನ್ನವತ್ತಳೆಯ ಕೆಳಗೆ ಚಿಕ್ಕದಾಗಿ 'ಬರಹ: ಇಕ್ರಾ' ಎಂದು ಹಾಕಬೇಕು, ಹೆಸರು ಕಂಡರೆ ಜನ ನೇರವಾಗಿ ಹುಡುಕಿಕೊಂಡು ಬರುತ್ತಾರೆ. 'ಇಂತಿ ನಿಮ್ಮ ಅಭಿಮಾನಿಗಳು' ಎಂಬುದರ ಕೆಳಗೆ ಯಾರ ಹೆಸರೂ ಬರಬಾರದು, ಅದು ಪದ್ಧತಿಯಲ್ಲ ಎಂದು ನಾನು ಸಾಗಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ, ಊರವರೆಲ್ಲ ಬರೆಯುವವನು ನಾನೇ, ಇಕ್ರಾ ನನಗಾಗಿ ವಿಷಯ ವಿಚಾರಿಸಿಕೊಂಡು ಬರುವವಳಷ್ಟೇ ಎಂದು ತಿಳಿದಿದ್ದರು. ಎರಡು ಸಲ ಶಾಲು ಹೊದಿಸಿದ್ದರು, ಒಂದು ಸಲ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಿದ್ದರು. ನಾನು 'ಅಲ್ಲ' ಎಂದು ಎಲ್ಲೂ ಹೇಳಿರಲಿಲ್ಲ. ಶಾಲು ಬೆಚ್ಚಗಿತ್ತು.

ಹೋದ ವರ್ಷ ಏಪ್ರಿಲ್‌ನಲ್ಲಿ ಅವಳು ಖಡಾಖಂಡಿತ ಹೇಳಿದಳು. "ಅಮ್ಮಿ ತಿಪಟೂರಲ್ಲಿ ಬಟ್ಟೆ ಅಂಗಡಿ ಬಿಲ್ಲಿಂಗ್ ಕೆಲ್ಸ ನೋಡವ್ರೆ ಅಣ್ಣ. ಜೂನ್ ಎರಡಕ್ಕೆ ಬಾ ಅಂದವ್ರೆ. ಈ ಸಲಾನೂ ಹೆಸ್ರು ಹಾಕಿಲ್ಲ ಅಂದ್ರೆ ಹೋಯ್ತೀನಿ. ಆಮೇಲೆ ಬರಿಯಲ್ಲ."

"ನೋಡಣ ಬುಡು" ಎಂದೆ.

ಮೇ ಬಂತು. ನಮ್ಮ ಕಡೆಯ ಹಳೇ ಮೇಷ್ಟ್ರುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಜೂನ್ ಒಂದಕ್ಕೆ. ತಾಯಿ ಹೆತ್ತದ್ದು ಎಂದೋ, ಶಾಲೆಗೆ ಸೇರಿಸಿಕೊಂಡವರು ಬರೆದುಕೊಂಡದ್ದು ಜೂನ್ ಒಂದು. ಹಾಗಾಗಿ ಎಲ್ಲರೂ ನಿವೃತ್ತರಾಗುವುದು ಮೇ ಮೂವತ್ತೊಂದಕ್ಕೇ. ಆ ವಾರ ನನ್ನ ಅಂಗಡಿಯಲ್ಲಿ ಹದಿನಾಲ್ಕು ಬಿನ್ನವತ್ತಳೆ. ಹದಿನಾಲ್ಕನೆಯದು ಹೈಸ್ಕೂಲಿನ ಹೆಡ್‌ಮಾಸ್ಟರ್ ಶಂಭುಲಿಂಗಯ್ಯನವರದು.

ಶಂಭುಲಿಂಗಯ್ಯನವರ ಕಂಠ ದೊಡ್ಡದು. ಎಂಟು ವರ್ಷದಿಂದ ತಾಲ್ಲೂಕಿನ ಯಾವ ಬೀಳ್ಕೊಡುಗೆಯಾದರೂ ಬಿನ್ನವತ್ತಳೆ ಓದುತ್ತಿದ್ದವರು ಅವರೇ. ತಮ್ಮ ಸರದಿ ಬಂದಾಗ ಖುದ್ದಾಗಿ ಅಂಗಡಿಗೆ ಬಂದರು.

"ನೋಡು ರಂಗರಾಜು, ನನ್ನುನ್ನ ಅಜಾತಶತ್ರು ಅಂತ ಮಾತ್ರ ಬರೀಬೇಡ ಕಣಯ್ಯ. ನಾಕು ಕೇಸು ಹಾಕ್ಕೊಂಡಿದ್ದೋನ್ಗೂ ನಾನು ಅದನ್ನ ಓದಿವ್ನಿ. ಒಂದೇ ಒಂದು ನಿಜ ಬರಿ, ಸಾಕು."

"ಆಗ್ಲಿ ಸಾರ್" ಎಂದೆ, ನಾನೇ ಬರೆಯುವವನಂತೆ. ಮೂಲೆಯಲ್ಲಿ ಕೂತಿದ್ದ ಇಕ್ರಾ ತಲೆ ಎತ್ತಲಿಲ್ಲ.

ಅವಳು ಕೊನೆಯ ದಿನ ಬೆಳಿಗ್ಗೆ ಹಾಳೆ ತಂದುಕೊಟ್ಟಳು. ಓದಲು ಪುರುಸೊತ್ತಿರಲಿಲ್ಲ, ಕೆಳಗೆ ನೋಡಿದೆ, 'ಇಂತಿ ನಿಮ್ಮ ವಿದ್ಯಾರ್ಥಿಗಳು' ಎಂದಷ್ಟೇ ಇತ್ತು. ಸದ್ಯ ಎಂದುಕೊಂಡು ಗಾಜು ಹಾಕಿ ಮೊಳೆ ಹೊಡೆದೆ.

ಸಭೆಗೆ ಮುನ್ನೂರು ಜನ. ಶಂಭುಲಿಂಗಯ್ಯನವರಿಗೆ ಪೇಟ ಇಟ್ಟು, ಹಾರ ಹಾಕಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದ್ದರು. ಓದಲು ನಿಂತವರು ಹೊಸಬರಾದ ಮಲ್ಲೇಶ್ ಮೇಷ್ಟ್ರು. ಪಾಪ, ನಿಲ್ಲಬೇಕಾದ ಕಡೆ ಓಡಿದರು, ಓಡಬೇಕಾದ ಕಡೆ ನಿಂತರು. ಶಂಭುಲಿಂಗಯ್ಯನವರು ಕುರ್ಚಿಯಲ್ಲೇ ಚಡಪಡಿಸಿದರು. ಎರಡನೆಯ ಸಾಲಿಗೆ ಅವರ ತಾಳ್ಮೆ ಮುಗಿಯಿತು.

"ಕೊಡಪ್ಪ ಇಲ್ಲಿ" ಎಂದು ಎದ್ದು, ಹಣ್ಣಿನ ಬುಟ್ಟಿಯನ್ನು ಮಲ್ಲೇಶ್ ಕೈಗೆ ಕೊಟ್ಟು, ಕಟ್ಟು ತೆಗೆದುಕೊಂಡು, ತಮ್ಮ ಬಿನ್ನವತ್ತಳೆಯನ್ನು ಮೊದಲಿನಿಂದ ತಾವೇ ಓದತೊಡಗಿದರು. ಜನ ಬಿದ್ದು ಬಿದ್ದು ನಕ್ಕರು. ಅವರಿಗೆ ಅದರ ಪರಿವೆಯೇ ಇಲ್ಲ.

"ಪೂಜ್ಯರೇ, ತಾವು ಅಜಾತಶತ್ರುವಲ್ಲ. ತಮ್ಮ ಕೈಯಲ್ಲಿ ಏಟು ತಿನ್ನದವರು ಈ ಸಭೆಯಲ್ಲಿ ಕೊನೆಯ ಎರಡು ಸಾಲಿನವರು ಮಾತ್ರ; ಅವರು ಬೇರೆ ಊರಿನಿಂದ ಬಂದವರು." ಮತ್ತೆ ನಗು. "ಕಾಯಿ ಸುಲಿಯುವ ದಿನಗಳಲ್ಲಿ ಶಾಲೆ ತಪ್ಪಿಸಿದ ಹುಡುಗರ ಮನೆಗೆ ಹೋಗಿ, ಅವರ ಪಾಲಿನ ಕಾಯಿಯನ್ನು ತಾವೇ ಸುಲಿದುಕೊಟ್ಟು, ಹುಡುಗನನ್ನು ಬಿಡಿಸಿಕೊಂಡು ಬಂದವರು ತಾವು. ದಾರಿಯಲ್ಲಿ ಹೊಡೆದವರೂ ತಾವೇ."

ಶಂಭುಲಿಂಗಯ್ಯನವರಿಗೇ ನಗು ಬಂತು. ಕನ್ನಡಕ ಒರೆಸಿಕೊಂಡು ಮುಂದೆ ಓದಿದರು.

"ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಪ್ರಬಂಧವನ್ನು ಎಲ್ಲರೆದುರು ಓದಿ, 'ಇದು ನಿನ್ನದಲ್ಲ, ಎಲ್ಲಿಂದ ಕದ್ದೆ?' ಎಂದು ಕೇಳಿದಿರಿ. ಕೈ ಒಡ್ಡಿಸಿ ಎರಡು ಏಟು ಕೊಟ್ಟಿರಿ. ಆದರೆ ತಮ್ಮ ದನಿಯಲ್ಲಿ ಆ ಪ್ರಬಂಧ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಅವಳಿಗೆ ಏಟಿನ ನೋವು ಮರೆತುಹೋಯಿತು. ತಾನು ಬರೆದದ್ದನ್ನು ತಾವು ಓದುವುದನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯಿಂದಲೇ ಅವಳು ಇಷ್ಟು ವರ್ಷ..."

ಅಲ್ಲಿಗೆ ದೊಡ್ಡ ಕಂಠ ನಿಂತಿತು. ಉಳಿದ ಸಾಲನ್ನು ಅವರು ಮನಸ್ಸಿನಲ್ಲೇ ಓದಿಕೊಂಡರು.

"ಇದುನ್ನ ಬರ್ದೋರು ಯಾರು?"

ಮುನ್ನೂರು ತಲೆಗಳು ನನ್ನ ಕಡೆ ತಿರುಗಿದವು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಎದ್ದು ನಿಂತೆ.

"ನಾನಲ್ಲ ಸಾರ್. ಸನಾವುಲ್ಲಾ ಅವ್ರ ಮಗ್ಳು ಇಕ್ರಾ. ಇದೊಂದೇ ಅಲ್ಲ, ಎಂಟು ವರ್ಷದಿಂದ ಎಲ್ಲಾನೂ ಅವ್ಳೇ ಬರ್ದಿದ್ದು. ನಾನು ಬರೀ ಕಟ್ಟು ಹಾಕ್ತಿದ್ದೆ."

ಹೆಂಗಸರ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದ ಇಕ್ರಾ ಎದ್ದು ನಿಂತಳು.

"ನಾನು ಓದ್ತಿದ್ದಿದ್ದೆಲ್ಲ ನಿಂದೇನಮ್ಮ?"

"ಹೂಂ ಸಾರ್."

"ಆ ಪ್ರಬಂಧ?"

"ಅದೂ ನಂದೇ ಸಾರ್."

ಶಂಭುಲಿಂಗಯ್ಯನವರು ತಲೆಯ ಪೇಟ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ಕರೆದು ಗಾಜು ಬಿಚ್ಚು ಎಂದರು. ಬೆಳಿಗ್ಗೆ ಹೊಡೆದ ಮೊಳೆಗಳನ್ನು ವೇದಿಕೆಯ ಮೇಲೆ, ಎಲ್ಲರೆದುರು, ಒಂದೊಂದಾಗಿ ಕಿತ್ತೆ. ಅವರು ಇಕ್ರಾಳನ್ನು ವೇದಿಕೆಗೆ ಕರೆದು, ಜೇಬಿನಿಂದ ತಮ್ಮ ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಬರಿಯಮ್ಮ. ಯಾರ್ದು ಅಂತ ಬರಿ."

ಅವಳು ಹಾಳೆಯ ಕೆಳಗೆ ಬರೆದಳು. ಶಂಭುಲಿಂಗಯ್ಯನವರು ಮೈಕಿನ ಹತ್ತಿರ ಹೋಗಿ, ತಮ್ಮ ಅದೇ ದೊಡ್ಡ ದನಿಯಲ್ಲಿ, ಅವಳ ಹೆಸರನ್ನು ಓದಿದರು.